ಗೋಡಿ ಮ್ಯಾಲಿನ ಶಾರ್ಕಿಗೆ ಅಂತೋನಿ ಹೆಸರು

ಕುಡಚಿ

ನೀರಾಗ ಹಲ್ಲ ಕಿಸ್ಕೊಂಡ ಇರೂ ಪ್ರಾಣಿ ಅಂದ್ರ ನಮಗ ಗೊತ್ತಿದ್ದದ್ದು ಮೊಸಳಿ ಒಂದ. ಕೃಷ್ಣಾ ಹೊಳಿ ದಂಡಿ ಮ್ಯಾಲೆ ಬಿಸಲ ಕಾಸಗೋತ ಬಿದ್ದಿರ್ತೈತಿ. ಕಬ್ಬ ಕಡಿಯೂ ಮುಂದ ಒಮ್ಮೊಮ್ಮೆ ಹೊಲದಾಗ ಸಿಕ್ಕ, ಊರಿಗೆ ಊರನ್ನ ಎಬ್ಬಿಸಿ ಓಡಿಸ್ತೈತಿ. ಶಾರ್ಕ್ ಅನ್ನೂದನ್ನ ನಾ ಟಿವಿಯೊಳಗ ಬಿಟ್ರ ಎಲ್ಲೂ ನೋಡಿರಲಿಲ್ಲ. ಅಂಥಾ ನಾ, ಕುಡಚಿ ಸಾಲಿ ಡ್ರಾಯಿಂಗ್ ಅಕ್ಕೋರು ಸುನಂದಾ, ಶಾರ್ಕ್ ಉಳಸಾಕ ಅಂತ ಶ್ರೀಲಂಕಾಕ್ಕ ಹೊಂಟೆ ಅಂದ್ರ ನಗೂ ಮಾತ ಅಲ್ಲೇನ್ರಿ? ನಕ್ಕ್ರು. ನಮ್ಮ ಹೆಡ್‌ಮಾಸ್ತರ್ ನಕ್ಕ್ರು, ರಜಾ ಅರ್ಜಿ ತಗೊಂಡ ಚಿಕ್ಕೋಡಿಗೆ ಹೋದ್ರ ಅಲ್ಲಿ ಕ್ಲಾರ್ಕೂ ನಕ್ಕ.

ಇದರ ಹಿಂದ ಇದ್ದಾಕಿ ರೀಟಾ. ಚೆನ್ನೈದಾಗ ಒಮ್ಮೆ ಚಿತ್ರಕಲಾ ಶಿಕ್ಷಕರ ಶಿಬಿರ ಇತ್ತು. ಅಲ್ಲಿ ಇಬ್ಬರೂ ಒಂದ ಖೋಲಿಯೊಳಗ ಇದ್ವಿ. ಆಕಿ ಶ್ರೀಲಂಕಾದ ತಮಿಳು ಕ್ರಿಶ್ಚನ್‌ರಾಕಿ, ನೆಗೊಂಬೊ ಹತ್ತರದ ಒಂದ ಸಣ್ಣ ಮೀನುಗಾರರ ಊರಾಗ ನನ್ನಂಗ ಡ್ರಾಯಿಂಗ್ ಕಲಸ್ತಾಳ. ಆಕಿ ಅಣ್ಣ ಅಂತೋನಿಗೆ ದೊಡ್ಡ ಎಳಿಬಲಿ ಐತಿ. ಎಳಿಬಲಿ ಅಂದ್ರ ದೋಣಿಯೊಳಗ ಒಯ್ದ ಸಮುದ್ರದಾಗ ಅರ್ಧ ಚಂದ್ರನಂಗ ಬಿಡ್ತಾರ, ಆಮ್ಯಾಲೆ ದಂಡಿ ಮ್ಯಾಲೆ ನಿಂತ ಊರವರೆಲ್ಲಾ ಹಗ್ಗ ಹಿಡದ ಎಳೀತಾರ. ಆ ಬಲಿಯೊಳಗ ಮೀನಿನ ಜೋಡಿ ಶಾರ್ಕಿನ ಮರಿ ಜೀವಂತ ಬರ್ತಾವು, ಹೊಟ್ಟಿಲೆ ಇದ್ದ ತಾಯಿ ಶಾರ್ಕೂ ಬರ್ತಾವು. ಮೊದಲ ದೊಡ್ಡ ಶಾರ್ಕ್ ಸಾಕಷ್ಟ ಇದ್ವು, ಈಗ ಕಾಣೂದ ಅಪರೂಪ. ಮರಿ, ತಾಯಿ ಎರಡನ್ನ ಮಾತ್ರ ತಿರಗಿ ನೀರಿಗೆ ಬಿಡ್ರಿ ಅಂತ ರೀಟಾ ಅಂಗಲಾಚಿದ್ಲು. ಯಾರೂ ಕಿವಿ ಕೊಡಲಿಲ್ಲ. ಕಡೀಕ ಆಕಿ ಅಂತೋನಿಯಿಂದ ಒಂದ ಮಾತ ಗಿಟ್ಟಿಸಿದ್ಲು: ಮೀನ ಹರಾಜ ಮಾಡೂ ಶೆಡ್ಡಿನ ಗೋಡಿ ಮ್ಯಾಲೆ ಮಕ್ಕಳ ಕಡಿಂದ ಶಾರ್ಕಿನ ಚಿತ್ರ ಬರಸೂದು. ಊರಿನ ಮನಸ ತಿರಗಿದ್ರ ಗೋಡಿ ಇರತೈತಿ, ಇಲ್ಲಾಂದ್ರ ಸುಣ್ಣ.

"ಸುನಂದಾ, ನೀ ಬಾ. ನನ್ನ ಮಾತ ಮನಿಯವರಿಗೆ ಸಸಾರ ಆಗೇತಿ. ಹೊರಗಿನವರ ಮಾತಿಗೆ ಬೆಲಿ ಇರತೈತಿ," ಅಂದ್ಲು ಫೋನಿನ್ಯಾಗ.

ನಮ್ಮ ಅತ್ತಿ ಕೇಳಿದ್ದು ಒಂದ ಪ್ರಶ್ನೆ. "ನಾವು ಜೈನರು. ಮೀನದ ಊರಾಗ ನೀ ಏನ ಉಣ್ಣಾಕಿ?"

"ಅಲ್ಲೆ ಹಲಸಿನಕಾಯಿ ಸಿಗತೈತ್ರಿ," ಅಂದೆ. ಸಿಗತೈತೋ ಇಲ್ಲೋ ದೇವರಿಗೇ ಗೊತ್ತಿತ್ತು.

ಕೊಲಂಬೊ ವಿಮಾನ ನಿಲ್ದಾಣ

ಬರಿಗೈಲೆ ಹೋಗೂದು ಹ್ಯಾಂಗ? ನಮ್ಮ ಸಾಲಿ ಮಕ್ಕಳಿಗೆ ಶಾರ್ಕಿನ ಚಿತ್ರ ತಗೀರೆಲೇ ಅಂತ ಹೇಳಿದ್ದೆ. ಸಮುದ್ರ ನೋಡದ ಮಕ್ಕಳು, ಕಾರಹುಣ್ಣಿಮಿಗೆ ಸಿಂಗರಿಸಿದ ಎತ್ತ ನೋಡಿ ಬೆಳದವ್ರು. ಏನ ತಗದಿರ್ಬೇಕ್ರಿ! ಬೆನ್ನ ಮ್ಯಾಲಿನ ರೆಕ್ಕಿಗೆ ಕೆಂಪ ಬಣ್ಣ ಹಚ್ಚಿ ತುದಿಗೆ ಎತ್ತಿನ ಕೋಡಿಗೆ ಹಾಕೂ ಕೋಡಣಸ ಏರಿಸ್ಯಾರ. ಮೈಮ್ಯಾಲೆ ಜೂಲ ಹಾಸ್ಯಾರ, ಕೊಳ್ಳಾಗ ಗೆಜ್ಜಿ, ಹಣಿಮ್ಯಾಲೆ ಗೊಂಡೆ. ಸಾನಿಯಾ ಅನ್ನಾಕಿ ಎರಡೂ ಈಜರೆಕ್ಕಿಗೆ ಮೆಹಂದಿ ಬಿಡಿಸ್ಯಾಳ. ಮಹಾವೀರ ಕಿವೀನೂ ಇಟ್ಟಾನ. "ಶಾರ್ಕಿಗೆ ಕಿವಿ ಇರಂಗಿಲ್ಲಲೇ" ಅಂದ್ರ, "ಮತ್ತ ನಾವು ಕರದದ್ದು ಅದಕ್ಕ ಹ್ಯಾಂಗ ಕೇಳಬೇಕ್ರಿ ಅಕ್ಕೋರ?" ಅಂದ. ನಾ ತಿದ್ದಲಿಲ್ಲ. ನಂಗ ಭಾಳ ಚೆಂದ ಕಂಡ್ವು.

ವಿಮಾನ ಇಳದ ಹೊರಗ ಬರೂವಾಗ ಕಸ್ಟಮ್ಸಿನವ ಬ್ಯಾಗ ಬಿಚ್ಚಂದ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗಿ ಒಂದೊಂದ ಮೂಸಿ ಬಾಜೂಕ ಇಟ್ಟ. ಚಿತ್ರದ ಸುರುಳಿ ಬಿಚ್ಚಿ ನಿಂತಬಿಟ್ಟ.

"ಏನಿದು?"

"ಶಾರ್ಕ್."

ನನ್ನ ಮಾರಿ ನೋಡಿದ, ಚಿತ್ರ ನೋಡಿದ. ದೋಸ್ತನ್ನ ಕರದ. ಆತ ಮತ್ತೊಬ್ಬನ್ನ ಕರದ. ಮೂರೂ ಮಂದಿ ಸಾನಿಯಾನ ಮೆಹಂದಿ ಶಾರ್ಕ್ ಹಿಡಕೊಂಡ ಹೊಟ್ಟಿ ಹುಣ್ಣಾಗುವಂಗ ನಕ್ಕ್ರು. ನನ್ನ ಮಕ್ಕಳ ಕೆಲಸಕ್ಕ ಹಿಂಗ ನಗತಾರಲ್ಲಾ ಅಂತ ನಂಗ ಮೈ ಉರದ ಹೋತು. ಸುರುಳಿ ಕಸಗೊಂಡ, ಹೋಳಿಗಿ ಮಾತ್ರ ಒಂದ ಅವರ ಟೇಬಲ್ ಮ್ಯಾಲೆ ಇಟ್ಟ ಬಂದೆ. ಸಿಟ್ಟ ಬ್ಯಾರೆ, ಪಾವ್ಣೇರ ಮರ್ಯಾದಿ ಬ್ಯಾರೆ.

ರೀಟಾನ ಊರು

ಊರಿನ ವಾಸನಿ ಬಗ್ಗೆ ಒಂದ ಮಾತ ಹೇಳಿ ಮುಗಸ್ತೀನಿ: ಮೊದಲ ದಿನ ಸೆರಗ ಮೂಗಿನಿಂದ ಇಳೀಲಿಲ್ಲ, ಎರಡನೇ ದಿನ ಮರತ ಹೋತು. ನಮ್ಮ ಕಡೆ ಸಕ್ಕರಿ ಫ್ಯಾಕ್ಟರಿ ಬಾಜೂಕ ಇದ್ದವರಿಗೆ ಆ ವಾಸನಿ ಬರತೈತೇನು? ಹಂಗ.

ರೀಟಾನ ಅವ್ವ ಬಂಗಾರದಂಥಾಕಿ. ನಾ ಹೊತ್ತ ಮುಳಗಿದ ಮ್ಯಾಲೆ ಉಣ್ಣಂಗಿಲ್ಲ ಅಂತ ಕೇಳಿದ್ದ ತಡ, ದಿನಾ ಇಳಿಹೊತ್ತಿಗೆ ಎಲಿ ಹಾಕಿ, ತಾನೂ ನನ್ನ ಜೋಡಿ ಕುಂತ ಉಣ್ಣಾಕತ್ತಿದಳು. ಕೊಬ್ಬರಿ ಚಟ್ನಿಯೊಳಗ ಅವರು ಒಣಮೀನ ಹಾಕ್ತಾರ. ನನಗಂತ ಬ್ಯಾರೆ ಕಲ್ಲಿನ್ಯಾಗ ಅರದ ಕೊಡ್ತಿದ್ಲು. ಹಲಸಿನಕಾಯಿ ಪಲ್ಲೆ ಖರೇನ ಸಿಕ್ತು.

ಒಂದ ಮಾತ ಮೊದಲ ಹೇಳಿಬಿಡ್ತೀನಿ. ಅವರು ಆಡಿದ್ದು ತಮಿಳು, ರೀಟಾ ನಂಗ ಹೇಳಿದ್ದು ಇಂಗ್ಲಿಷ್, ನಾ ಬರಿಯಾಕತ್ತಿದ್ದು ಕುಡಚಿ ಮಾತು. ನಡಬರಕ ಏನರೆ ಉದರಿದ್ರ ನನ್ನ ಬಯ್ಯಬ್ಯಾಡ್ರಿ.

ಮಾರನೇ ದಿನ ಮುಂಜಾನೆ ಬಲಿ ಎಳಿಯೂದ ನೋಡಾಕ ಹೋದ್ವಿ. ಅಥಣಿ ಚಪ್ಪಲ್ ಹಾಕ್ಕೊಂಡ ಉಸುಕಿನ್ಯಾಗ ಇಳದೆ. ಒಂದ ತೆರಿ ಬಂದ ಒಂದ ಚಪ್ಪಲ್ ಒಯ್ತು, ಇನ್ನೊಂದ ತೆರಿ ಬಂದ ಅದನ್ನ ತಂದ ಕೊಡ್ತು. ಹಗ್ಗದ ಎರಡೂ ಬದಿ ಹೆಂಗಸ್ರು ಗಂಡಸ್ರು ಸಾಲ ಹಿಡದ ಹಾಡಕೋತ ಎಳಿಯಾಕತ್ತಿದ್ರು. ನಡುವ ನಿಂತ ಎಲ್ಲಾರ್ನೂ ಬೈಯಾಕತ್ತಿದ್ದವನ ಅಂತೋನಿ. ಕರ್ರಗ, ಕಂಬದಂಗ ಗಟ್ಟಿ ಆಳು. ಬಲಗೈಯಾಗ ಎರಡ ಬೆರಳಿಲ್ಲ. ಬಲಿ ಬಿಡಿಸೂ ಮುಂದ ಶಾರ್ಕ್ ಕಚ್ಚಿ ಹೋದ್ವಂತ.

ಬಲಿ ದಂಡಿಗೆ ಬಂತು. ಬೆಳ್ಳಿ ರಾಶಿಯಂಥಾ ಮೀನಿನ ನಡುವ ಮೊಳದುದ್ದ ಬೂದ ಬಣ್ಣದ ಮರಿಗಳು ಒದ್ದಾಡಾಕತ್ತಿದ್ವು. ಅವೇ ಶಾರ್ಕು. ಅಂತೋನಿ ಬಾಲ ಹಿಡದ ಒಂದೊಂದ ಎತ್ತಿ ಉಸುಕಿನ್ಯಾಗ ಒಗದ. ಬಾಯಿ ತಗದ ಮುಚ್ಚಿ, ತಗದ ಮುಚ್ಚಿ ಮಾಡಿ ಸುಮ್ಮನಾದ್ವು. ಅವ್ವಾ! ನಂಗ ತಡಕೊಳ್ಳಾಕ ಆಗಲಿಲ್ಲ.

"ಹೇಳ ರೀಟಾ ನಿನ್ನ ಅಣ್ಣಗ," ಅಂತ ಚೀರಿದೆ, "ಜೀವ ತಗಿಯೂದು ಪಾಪ! ಇರವಿ ತುಳದ್ರೂ ಪಾಪ ಅಂತಾರ ನಮ್ಮಲ್ಲಿ. ಬ್ಯಾರೆ ಕೆಲಸಾ ಮಾಡಿ ಉಣ್ಣಾಕ ಬರಂಗಿಲ್ಲೇನು?"

ಮೀನುಗಾರರ ಊರಿಗೆ ಬಂದ, ಮೀನುಗಾರನ ಮನ್ಯಾಗ ಉಂಡ, ಅವನ ಬಲಿ ಮುಂದ ನಿಂತ ಹಿಂಗ ಅನ್ನಾಕ ಕೃಷ್ಣಾ ದಂಡಿ ಜೈನರ ಅಕ್ಕೋರ ಬೇಕು. ರೀಟಾ ಅದನ್ನ ಮೆತ್ತಗ ಮಾಡಿ ಹೇಳಿದ್ಲೋ ಏನೋ, ನನ್ನ ಕೈ ಮಾರಿ ನೋಡಿದವಗ ಎಲ್ಲಾ ತಿಳದಿತ್ತು. ಹಾಡ ನಿಂತ ಹೋತು.

"ಈ ಕೆಲಸಾ ಪಾಪ ಆದ್ರ ನಮ್ಮ ಅಪ್ಪ, ಅಜ್ಜ ಎಲ್ಲಾರೂ ಪಾಪಿಗಳೇನು?" ಅಂದ ಅಂತೋನಿ. ದನಿ ಏರಸಲಿಲ್ಲ. "ಗೋಡಿ ಮಾತ ಮುಗೀತು. ಏನ ಬರದಿದ್ರೂ ಆಯ್ತಾರ ಚರ್ಚಿನಿಂದ ಬಂದ ಸುಣ್ಣಾ ಹೊಡೀತೀನಿ."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ರೀಟಾ ನನ್ನ ಮ್ಯಾಲೆ ಸಿಟ್ಟಾಗಲಿಲ್ಲ, ಅದ ನಂಗ ಹೆಚ್ಚ ಚುಚ್ಚಿತು. ಆಕಿ ಎರಡ ವರ್ಷ ಜಗ್ಗಿ ಹಿಡದ ಹಗ್ಗಾನ ನಾ ಒಂದ ಮಾತಿನ್ಯಾಗ ಬಿಟ್ಟಿದ್ದೆ. ಆದ್ರ ನಾ ಕೈ ಕಟ್ಟಿ ಕೂಡಾಕಿ ಅಲ್ಲ. "ಆಯ್ತಾರ ಇನ್ನೂ ದೂರ ಐತಿ, ಸಾಲಿಗೆ ನಡಿ," ಅಂದೆ.

ಸಾಲಿ

ಆ ಊರ ಮಕ್ಕಳ ಶಾರ್ಕ್ ನೋಡಿದ್ರ ಎದಿ ಝಲ್ಲ ಅಂತೈತಿ. ಎಲ್ಲಾ ಹಾಳಿ ಕರ್ರಗ, ಎಲ್ಲಾ ಬಾಯಿ ಕೆಂಪಗ. ಅಂತೋನಿ ಮಗಳು ಶಾಂತಿನಿ ಐದನೇ ಕ್ಲಾಸಿನಾಕಿ, ಮಾತ ಕಡಿಮಿ. ಆಕಿ ಹಾಳಿ ತುಂಬ ಬರೇ ಹಲ್ಲ ತಗದಿದ್ಲು.

ರೀಟಾ ಅಂದ್ಲು, "ಹೋದ ಸಲ ಒಬ್ಬರು ಬಂದ ನಗೂ ಶಾರ್ಕ್ ತಗಿರಿ ಅಂತ ಕಲಿಸಿದ್ರು. ಮನಿಗೆ ಒಯ್ದ್ರ ಅಪ್ಪಂದಿರು ಹರದ ಒಗದ್ರು. ಸುಳ್ಳ ಯಾಕ ಕಲಸ್ತೀರಿ ಅಂದ್ರು."

ನಾ ನನ್ನ ಸುರುಳಿ ಬಿಚ್ಚಿದೆ. ಮಕ್ಕಳ ನಗು ಓಣಿಗೆ ಕೇಳ್ತು. ದಂಡಿ ಮ್ಯಾಲೆ ಬಲಿ ಹೊಲಿಯಾಕತ್ತಿದ್ದ ಗಂಡಸ್ರು ಒಬ್ಬೊಬ್ಬರ ಕಿಡಕ್ಯಾಗ ಹಣಿಕಿದ್ರು, ಅವರ ಹಿಂದ ಅಂತೋನೀನೂ ಬಂದ. ಗೆಜ್ಜಿ ಕಟ್ಟಿದ ಶಾರ್ಕ್ ನೋಡಿ ಅವನ ಗಂಟಮಾರಿ ಸಡ್ಲಾತು. ಕಿವಿ ಇದ್ದ ಶಾರ್ಕ್ ನೋಡಿ ಕಣ್ಣಾಗ ನೀರ ಬರೂವಂಗ ನಕ್ಕ. ಈ ಸಲ ನಂಗ ಸಿಟ್ಟ ಬರಲಿಲ್ಲ ನೋಡ್ರಿ. ಸುಣ್ಣಾ ಹೊಡಿಯಾಕ ನಿಂತವ ಶಾರ್ಕಿನ ಚಿತ್ರದ ಮುಂದ ನಿಂತ ನಗಾಕತ್ತಾನಲ್ಲಾ, ಸಾಕು ಅನಿಸ್ತು.

ಆದ್ರ ಆತ ಜಾಣ. "ನಿಮ್ಮೂರಾಗ ಹಿಂಗ ಹಲ್ಲಿಂದ ಏನೈತಿ?" ಅಂತ ಕೇಳಿದ.

"ಮೊಸಳಿ."

"ಹಂಗಾರ ನಮ್ಮ ಮಕ್ಕಳು ಅದನ್ನ ತಗೀಲಿ."

ತಗದ್ರು. ದುಂಡಗ, ಹಸರಗ, ಗೋಡಿ ಮ್ಯಾಲಿನ ಹಲ್ಲಿಗಿಂತ ಜರಾ ದೊಡ್ಡದು. ಒಬ್ಬ ಹುಡುಗಿ ಅದಕ್ಕ ಟೊಪ್ಪಿಗಿ ಹಾಕಿದ್ಲು. ಇನ್ನೊಬ್ಬ ಅದರ ಬೆನ್ನ ಮ್ಯಾಲೆ ಕುಂತ ಐಸ್‌ಕ್ರೀಮ್ ತಿನ್ನಾಕತ್ತಿದ್ದ. ನನ್ನ ತಲಿ ಗಿರ್ ಅಂತು. "ಏ, ಹಿಂಗಲ್ಲ ಅದು! ನಿಮಗೇನ ಗೊತ್ತೈತಿ? ನಮ್ಮ ವೈನಿ, ಅಣ್ಣನ ಹೆಂಡ್ತಿ, ಅರಬಿ ಒಗಿಯೂವಾಗ ಬಾಜೂಕ ನೀರ ಕುಡಿಯಾಕತ್ತಿದ್ದ ಕರಾನ ಎಳಕೊಂಡ ಹೋತು. ಆಕಿ ಇವತ್ತಿಗೂ ಹೊಳಿಗೆ ಇಳಿಯಂಗಿಲ್ಲ!"

ಅಂತೋನಿ ಕಿಡಕಿಗೆ ಕೈಯೂರಿ ನಿಂತ. ಬೆರಳಿಲ್ಲದ ಕೈ. "ನೋಡ್ರಿ ಅಕ್ಕೋರ. ನಿಮಗ ನಮ್ಮ ಶಾರ್ಕ್ ಎತ್ತಾಗಿ ಕಾಣತೈತಿ, ನಮಗ ನಿಮ್ಮ ಮೊಸಳಿ ಹಲ್ಲಿಯಾಗಿ ಕಾಣತೈತಿ. ಅಂಜಿಕಿ ಇಲ್ಲದ ಕಡೆ ಪ್ರೀತಿ ಪುಕ್ಕಟೆ. ಪಾಪ ಪುಣ್ಯದ ಮಾತ ಬಿಡ್ರಿ. ನಿಮಗ ಅಂಜಿಕಿ ಇದ್ದದ್ದರ ಜೋಡಿ ನೀವು ಹ್ಯಾಂಗ ಬಾಳೇ ಮಾಡ್ತೀರಿ, ಅದನ್ನ ಹೇಳ್ರಿ."

ಸತ್ಯ ಹೇಳ್ತೀನಿ. ಮೊಸಳಿ ಬಂದ್ರ ನಾವೇನ ಆರತಿ ಎತ್ತತೀವೇನು? ಬಡಿಗಿ ಹಿಡದ ಓಡ್ತೀವಿ. ಆಮ್ಯಾಲೆ ಹಾವ ನೆನಪಾತು. ಹಾವಿಗೆ ಅಂಜತೀವಿ, ಕಬ್ಬಿನ ಹೊಲದಾಗ ಅದಕ್ಕಿಂತ ದೊಡ್ಡ ಅಂಜಿಕಿ ಇಲ್ಲ. ಆದ್ರೂ ಪಂಚಮಿ ಬಂತಂದ್ರ ಮಣ್ಣಿಲೆ ನಾಗಪ್ಪನ್ನ ಮಾಡ್ತೀವಿ. ಕೊಬ್ಬರಿ ಬಟ್ಟಲಾಗ ಹಾಲ ಹಿಡದ, ಮನಿ ಮಂದಿ ಒಬ್ಬೊಬ್ಬರ ಹೆಸರ ಹೇಳಿ ಎರೀತೀವಿ. ಅಪ್ಪನ ಪಾಲು. ಅವ್ವನ ಪಾಲು. ಊರಾಗಿಲ್ಲದ ಅಣ್ಣನ ಪಾಲು. ತೊಟ್ಟಲಾಗಿನ ಕೂಸಿನ ಪಾಲು.

ಇದನ್ನ ಹೇಳಿದೆ. ರೀಟಾ ಸಾವಕಾಶ ಹೇಳಿದ್ಲು.

"ಹಾಲ ಕೊಟ್ರ ಕಚ್ಚಂಗಿಲ್ಲೇನು?" ಅಂದ ಅಂತೋನಿ.

"ಕಚ್ಚತೈತಿ. ಅದರ ಬುದ್ಧಿ ಅದು ಬಿಡಂಗಿಲ್ಲ. ನೀ ಒಳ್ಳೇದ ಅಂತ ಹಾಲ ಎರಿಯಂಗಿಲ್ಲ ನಾವು. ನೀನೂ ಇರು, ನಮ್ಮ ಮಂದೀನೂ ಇರಲಿ ಅಂತ ಎರೀತೀವಿ. ಹೆಡಿ ಬಿಚ್ಚಿದ ಹಾವ ಮಾಡ್ತೀವಿ, ನಗೂ ಹಾವ ಮಾಡಂಗಿಲ್ಲ."

ಆತ ಬಲಿ ಹೊಲಿಯಾಕ ಹೋದ. ಶಾಂತಿನಿ ಮಾತ್ರ ತನ್ನ ಹಲ್ಲಿನ ಚಿತ್ರ ಎತ್ತಕೊಂಡ ಬಂದ ಮೊದಲನೇ ಸಲ ನನ್ನ ಜೋಡಿ ಮಾತಾಡಿದ್ಲು. "ಇದಕ್ಕ ನಮ್ಮಪ್ಪನ ಹೆಸರ ಬರೀಲ್ಯಾ?"

ರೀಟಾ, ನಾ ಒಬ್ಬರ ಮಾರಿ ಒಬ್ಬರು ನೋಡಿದ್ವಿ. ಅಲ್ಲೆ ಹಾದಿ ಸಿಕ್ಕಿತು.

ಹರಾಜಿನ ಶೆಡ್ಡು

ಹಾಲೂ ಬ್ಯಾಡ, ಪೂಜೀನೂ ಬ್ಯಾಡ. ಅವರ ಧರ್ಮ ಅವರಿಗೆ. ಪ್ರತಿ ಮಗು ಒಂದ ಶಾರ್ಕ್ ತಗೀಬೇಕು, ಹ್ಯಾಂಗ ಕಂಡೈತೋ ಹಂಗ, ಹಲ್ಲ ಸುದ್ದಾ. ಕೆಳಗ ತಮ್ಮ ಮನಿಯಿಂದ ಸಮುದ್ರಕ್ಕ ಹೋಗೂ ಒಬ್ಬರ ಹೆಸರ ಬರೀಬೇಕು. ಅದು ಅವರ ಪಾಲಿನ ಶಾರ್ಕು.

ಮಕ್ಕಳು ಗೋಡಿಗೆ ಮುಗಿಬಿದ್ರು. ನನ್ನ ಸೀರಿ ನೀಲಿ ಆತು, ರೀಟಾನ ಕೂದಲ ಬಿಳೀ ಆತು. ಒಂದ ಹುಡುಗ ಸಮುದ್ರದಾಗ ತೀರಕೊಂಡ ಅಜ್ಜನ ಹೆಸರ ಬರೀಬಹುದೇನು ಅಂತ ಕೇಳಿದ. "ಬರಿ," ಅಂದ್ಲು ರೀಟಾ, ಆಕಡೆ ಹೊಳ್ಳಿ ಕಣ್ಣ ಒರಸಗೊಂಡ್ಲು. ಮೀನ ತಗೊಳಾಕ ಬಂದ ಹೆಂಗಸ್ರು ತಮ್ಮ ಗಂಡಂದಿರ ಶಾರ್ಕ್ ಹುಡಕಿ, "ಹೊಟ್ಟಿ ಇನ್ನೂ ಜರಾ ದೊಡ್ಡದ ಮಾಡ, ಖರೇ ಕಾಣ್ಲಿ," ಅಂತ ಕಿಸಿಕಿಸಿ ನಕ್ಕ್ರು. ಶಾಂತಿನಿ ನಟ್ಟನಡುವ ಗೋಡಿಗೆ ಎಲ್ಲಾಕಿಂತ ದೊಡ್ಡ ಶಾರ್ಕ್ ತಗದ್ಲು. ಬಾಯಿ ಗವಿಯಂಗ ತಗದಿತ್ತು. ಕೆಳಗ ಬರದ್ಲು: ಅಂತೋನಿ.

"ಇದನ್ನ ನೋಡಿ ಅವ ಸುಣ್ಣಾ ಎರಡ ಸಲ ಹೊಡೀತಾನ," ಅಂದ್ಲು ರೀಟಾ.

"ಹೊಡೀಲಿ. ಸುಳ್ಳಂತೂ ಅನ್ನಂಗಿಲ್ಲ," ಅಂದೆ.

ಆಯ್ತಾರ

ಆಯ್ತಾರ ಅವರು ಬಲಿ ಹಾಕಂಗಿಲ್ಲ. ಚರ್ಚ್ ಬಿಟ್ಟಿತು. ಬಿಳೀ ಅಂಗಿ ಹಾಕ್ಕೊಂಡ, ಎಣ್ಣಿ ಹಚ್ಚಿ ತಲಿ ಬಾಚಕೊಂಡ ಗಂಡಸ್ರೆಲ್ಲಾ ಶೆಡ್ಡಿಗೆ ಬಂದ್ರು. ಮುಂದ ಅಂತೋನಿ, ಕೈಯಾಗ ಸುಣ್ಣದ ಬಕೀಟು.

ಒಬ್ಬ ತನ್ನ ಹೆಸರ ಹುಡುಕಿದ. ಇನ್ನೊಬ್ಬ ಹುಡುಕಿದ. ಆಮ್ಯಾಲೆ ಗದ್ದಲ ಸುರು ಆತು. ಆ ಗದ್ದಲ ನಾ ಸಾಯೂತನಕ ಮರಿಯಂಗಿಲ್ಲ.

"ನನ್ನ ಶಾರ್ಕಿನ ಬಾಲ ಯಾಕ ಮೊಂಡ?"

"ಅವಂದು ದೊಡ್ಡದು, ನಂದ ಸಣ್ಣದು! ಅವನ ದೋಣಿ ನನ್ನ ದೋಣಿಗಿಂತ ದೊಡ್ಡದೇನು?"

"ನಂದಕ್ಕ ಒಂದ ಕಣ್ಣ! ಯಾರ ತಗದದ್ದು? ಕರೀರಿ!"

ಒಬ್ಬ ಮುದುಕ ತನ್ನ ಹೆಸರ ಎಲ್ಲೂ ಇಲ್ಲ ಅಂತ ಮಾರಿ ಸಣ್ಣ ಮಾಡಕೊಂಡ ನಿಂತಿದ್ದ. ಮನಿಯಾಗ ಸಾಲಿಗೆ ಹೋಗೂ ಮಗು ಇರಲಿಲ್ಲ ಅವಗ. ನಾನ ಬ್ರಷ್ ಹಿಡದ ಮೂಲಿಯೊಳಗ ಒಂದ ತಗದ ಅವನ ಹೆಸರ ಬರಸಿದೆ. ಹಲ್ಲ ಇನ್ನೂ ಒಂದೆರಡ ಹಾಕ್ರಿ ಅಂತ ಸನ್ನಿ ಮಾಡಿದ.

ಅಂತೋನಿ ತನ್ನ ಹೆಸರಿನ ಮುಂದ ನಿಂತಾವ ನಿಂತಂಗ ಇದ್ದ. ಶಾಂತಿನಿ ಅವನ ಬಾಜೂಕ ಹೋಗಿ ನಿಂತ್ಲು. ಆತ ಬಕೀಟ ಕೆಳಗಿಟ್ಟ, ಮ್ಯಾಲೆ ಹಲಗಿ ಮುಚ್ಚಿದ.

"ನಾಳೆ ಬಲಿ ಎಳದ ಮ್ಯಾಲೆ ಹೇಳ್ತೀನಿ," ಅಂದ.

ಸೋಮವಾರ

ಸೋಮವಾರ ನಾನೂ ಹಗ್ಗ ಹಿಡದೆ. ರೀಟಾನ ಹಿಂದ ನಿಂತ, ಸೆರಗ ನಡಕ್ಕ ಸುತ್ತಿ ಎಳದೆ. ಮೀನ ಹಿಡಿಯೂ ಬಲಿ ಎಳದ್ರ ನಮ್ಮ ಅತ್ತಿ ಏನ ಅಂದಾರು ಅಂತ ಒಂದ ಗಳಿಗಿ ಅನಿಸ್ತು. ಆದ್ರ ಆ ಬಲಿಯೊಳಗ ಏನ ಬರತೈತೋ ಅದರ ಮ್ಯಾಲೆ ರೀಟಾನ ಗೋಡಿ ನಿಂತಿತ್ತು. ದೂರ ನಿಂತ ನೋಡೂ ಮನಸ ಆಗಲಿಲ್ಲ.

ಬಲಿ ದಂಡಿಗೆ ಬಂತು. ನಡುವ ಏನೋ ಧಪಧಪ ಬಡಿಯಾಕತ್ತಿತ್ತು. ಮರಿ ಅಲ್ಲ. ಆಳುದ್ದದ ಶಾರ್ಕು, ಹೊಟ್ಟಿ ತುಂಬಿದ ತಾಯಿ. ಎಲ್ಲಾರೂ ಹಿಂದ ಸರದ್ರು. ಹರಾಜಿನ್ಯಾಗ ಎಲ್ಲಾಕಿಂತ ಮೊದಲ ಹೋಗೂ ಮಾಲ ಅದು, ಎಲ್ಲಾರಿಗೂ ಗೊತ್ತಿತ್ತು. ಅಂತೋನಿ ಕೈಯಾಗ ಬಡಿಗಿ ಇತ್ತು.

ಅಷ್ಟರಾಗ ಹಗ್ಗದ ಆ ಕಡಿಂದ ಒಬ್ಬ ಕೂಗಿದ: "ಅಂತೋನಿ! ನಿನ್ನ ಹೆಸರಿಂದು ಬಂದೈತಿ ನೋಡ!"

ಮಂದಿ ಹೋ ಅಂತು. "ಮಾರಿ ಥೇಟ್ ನಿಂದ!" ಅಂದ ಇನ್ನೊಬ್ಬ. "ಬಡದ್ರ ಶಾಂತಿನಿಗೆ ಏನ ಹೇಳ್ತಿ?" ಅಂದ್ಲು ಒಬ್ಬ ಹೆಂಗಸು. ಅಂತೋನಿ ಎಲ್ಲಾರ್ನೂ ವಾಚಾಮಗೋಚರ ಬೈದ. ರೀಟಾ ಅದನ್ನ ನಂಗ ತರ್ಜುಮೆ ಮಾಡಲಿಲ್ಲ. ಬೈಕೋತನ ಬಡಿಗಿ ಒಗದ, ಬಲಿ ಬಿಚ್ಚಿದ, ಶಾರ್ಕಿನ ಕತ್ತಿನ ಹಿಂದ ಎರಡೂ ಕೈ ಹಾಕಿದ. ಎತ್ತಾಕ ಆಗಲಿಲ್ಲ. ಮಂದಿ ಹಿಂದ ಹಿಂದ ಸರೀತು. ಆತ ನನ್ನ ಕಡೆ ನೋಡಿದ.

"ಅಕ್ಕೋರ! ಬಾಯಿಲೆ ಹೇಳಿದ್ದ ಸಾಕು. ಬಾಲ ಹಿಡೀರಿ!"

ಇದನ್ನ ತರ್ಜುಮೆ ಮಾಡೂದು ಬೇಕಾಗಲಿಲ್ಲ. ಹುಟ್ಟಿದಾಗಿಂದ ಮೀನ ಮುಟ್ಟದಾಕಿ ನಾ. ಹಿಡದೆ. ಕಟಗಿ ತಿಕ್ಕೂ ಪಾಲಿಶ್ ಕಾಗದದಂಗ ಒರಟ ಇತ್ತು, ಅಂಗೈ ತರಚಿ ಹೋತು. ಅದರ ಒಳಗಿನ ಕಸುವು ನನ್ನ ಭುಜದ ಮಟ ಬರಾಕತ್ತಿತ್ತು. ನಂಗ ಅಂಜಿಕಿ ಬಂತು, ಮುಚ್ಚಿಡಾಕೇನೈತಿ? ಇಬ್ಬರೂ ನಡಮಟ ನೀರಿಗೆ ಇಳದ್ವಿ. ಒಂದ ತೆರಿ ಬಂದ ಮೂವರನ್ನೂ ತೋಯಿಸ್ತು. ಅಂತೋನಿ ಅದರ ತಲಿ ಸಮುದ್ರದ ಕಡೆ ಹೊಳ್ಳಿಸಿದ.

"ನನ್ನ ಪಾಲ ಕೊಟ್ಟೀನಿ. ಹೋಗ," ಅಂದ. ಕೈ ಬಿಟ್ಟ. ನಾನೂ ಬಿಟ್ಟೆ.

ಅದು ಅಲ್ಲೆ ಒಂದ ಕ್ಷಣ ಹೊಯ್ದಾಡಿತು. ಸತ್ತ ಹೋತೇನೋ ಅಂದ್ಕೊಂಡೆ. ಬಾಲ ಒಮ್ಮೆ ಬೀಸ್ತು. ಬೂದ ನೆರಳ ಹಸರ ನೀರಾಗ ಸರದ ಹೋತು. ದಂಡಿ ಮ್ಯಾಲೆ ಮಂದಿ ಸೀಟಿ ಹೊಡದ್ರು. ರೀಟಾ ಉಸುಕಿನ್ಯಾಗ ಕುಂತ ಎರಡೂ ಕೈಲೆ ಮಾರಿ ಮುಚ್ಚಕೊಂಡ ಅಳಾಕತ್ತಿದ್ಲು. ನನಗೂ ಅಳು ಬಂದಿತ್ತು, ಉಪ್ಪನೀರಾಗ ಯಾರಿಗೂ ಕಾಣಲಿಲ್ಲ.

ಅಂತೋನಿ ನನ್ನ ತರಚಿದ ಅಂಗೈ ನೋಡಿದ. ತನ್ನ ಮೂರ ಬೆರಳಿನ ಕೈ ಅದರ ಬಾಜೂಕ ಹಿಡದ. ರೀಟಾನ್ನ ಕರದ, ಒಂದ ಮಾತ ಕೇಳಂದ.

"ನಂದ ಮುಗೀತು ಅಕ್ಕೋರ. ನಿಮ್ಮೂರಾಗ ಮೊಸಳಿ ಕೆಳಗ ನಿಮ್ಮ ಹೆಸರ ಬರೀತೀರೇನು?"

ಹೊಳಿಗೆ ಇಳಿಯದ ನಮ್ಮ ವೈನಿ ಕಣ್ಣ ಮುಂದ ಬಂದ್ಲು. ಗೋಡಿ ಮ್ಯಾಲೆ ಆ ಬಾಯಿ ನೋಡಿ ಆಕಿ ಏನ ಅಂದಾಳು, ಊರ ಮಂದಿ ಏನ ಅಂದೀತು. ಆದ್ರ ಅಂಗೈ ಇನ್ನೂ ಉರಿಯಾಕತ್ತಿತ್ತು, ಅವನ ಕೈ ನನ್ನ ಕೈ ಬಾಜೂಕ ಹಂಗ ಇತ್ತು.

"ಪಂಚಮಿಗೆ ಬರ್ರಿ ಅಣ್ಣಾ," ಅಂದೆ. "ನನ್ನ ಹೆಸರಿನ ಮೊಸಳಿ, ಹಲ್ಲ ಒಂದೂ ಬಿಡದ, ಬರದಿರ್ತೀನಿ."